ಡಬ್ಬಿ ಟಿಕ್ ಅಂದರೆ ಸೆಲ್ ಕಿತ್ತಿಡುವವರ ಗಮನಕ್ಕೆ!

ಗೋಕಾಕ ಫಾಲ್ಸ್: ಕೆಳಗೆ ಅಂಗಡಿ, ಮೇಲೆ ಸಂಸಾರ. ಗೋಕಾಕ, ಮೂಡಲಗಿ, ಹುಕ್ಕೇರಿ ಪೇಟೆಗಳಲ್ಲಿ ಇಂಥ ಮನೆ ಎಷ್ಟೋ ಇವೆ. ಕೆಳಗೆ ಬಟ್ಟೆ ಗಂಟು, ರಟ್ಟಿನ ಪೆಟ್ಟಿಗೆ, ಎಣ್ಣೆ ಡಬ್ಬಿ. ಮೇಲೆ ಹತ್ತಲು ಒಂದೇ ಇಕ್ಕಟ್ಟಿನ ಪಾವಟಿಗೆ. ಈಗ ಆ ಪಾವಟಿಗೆಯ ಬುಡದಲ್ಲೇ ಇನ್ವರ್ಟರು, ಪಕ್ಕದಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಚ್ಚಿದ ಬ್ಯಾಟರಿ ಸ್ಕೂಟರು. ಶಟರ್ ಎಳೆದು ಮಲಗಿದ ಮೇಲೆ ಕೆಳಗೆ ವೈರ್ ಹೊಗೆಯಾಡಿದರೆ ಮೇಲಿನವರಿಗೆ ಹೇಳುವವರು ಯಾರು?

‘ವಾಸನಿ ಬರ್ತದಲ್ರೀ, ಎಚ್ಚರಾಗ್ತದ’ ಅನ್ನುವವರೇ ಬಹಳ. ಅದನ್ನು ನಂಬಿ ಕೂಡುವ ಹಾಗಿಲ್ಲ. ನಿದ್ದೆಯಲ್ಲಿ ಮೂಗಿಗಿಂತ ಕಿವಿ ಚುರುಕು. ಹೊಗೆಯೊಳಗಿನ ಕಾರ್ಬನ್ ಮೊನಾಕ್ಸೈಡಿಗಂತೂ ವಾಸನೆಯೇ ಇಲ್ಲ; ಮಲಗಿದವನನ್ನು ಇನ್ನಷ್ಟು ಮಲಗಿಸುತ್ತದೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು 9 ಜನ ಸತ್ತರು. ಅಲ್ಲಿ ಉರಿಗಿಂತ ಮೊದಲು ಹೊಗೆ ಮೇಲೇರಿತು. ಮೆಟ್ಟಿಲು ತುಂಬಿತು, ಉಸಿರುಗಟ್ಟಿ ಕೆಲವರು ಕಿಟಕಿಯಿಂದ ಜಿಗಿದರು. ಹಾಡೇ ಹಗಲು, ಎಚ್ಚರವಿದ್ದವರ ಗತಿ ಅದು.

ಫಾಲ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1885ರಲ್ಲಿ ಹುಟ್ಟಿದ ನೂಲಿನ ಗಿರಣಿಯ ಊರು. ಹತ್ತಿ ಅಂಡಿಗೆಗೆ ಕಿಡಿ ತಾಗಿದರೆ ಉರಿ ಕಾಣುವದಿಲ್ಲ, ತಾಸುಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ನಾವು ಮಲಗುವ ಗಾದಿಯೂ ಅದೇ ಹತ್ತಿಯದು.

ಅದಕ್ಕೇ ಈ ಹೊಗೆ ಅಲಾರಂ. ಅಂಗೈಯಗಲದ ಬಿಳಿ ಡಬ್ಬಿ. ಒಳಗೊಂದು ಬೆಳಕಿನ ಕಿರಣ. ಹೊಗೆ ಹೊಕ್ಕರೆ ಬೆಳಕು ಚದುರಿ ಕಣ್ಣಿಗೆ ಬಡಿಯುತ್ತದೆ, ಡಬ್ಬಿ ಕೂಗುತ್ತದೆ. ಕೊಳ್ಳುವಾಗ ಒಂದು ಮಾತು ಕೇಳಿರಿ: ‘ಇದು ತಾನೇ ಕೂಗ್ತದೇನ್ರಿ?’ ದೊಡ್ಡ ಕಟ್ಟಡದ ಪ್ಯಾನೆಲ್ಲಿಗೆ ಜೋಡಿಸುವ ನಮೂನೆಯೂ ಪೇಟೆಯಲ್ಲಿ ಸಿಗುತ್ತದೆ. ಅದನ್ನು ತಂದು ಮಾಳಿಗೆಗೆ ಬಡಿದರೆ ಮೂಕಬಸವಣ್ಣ.

ತಂದು ಹಚ್ಚುವದು ದೊಡ್ಡ ಮಾತಲ್ಲ, ಸಾಕುವದೇ ಕಷ್ಟ. ಅಡಿಗೆಮನೆಯೊಳಗೆ ಹಚ್ಚಿದರೆ ಮೆಣಸಿನಕಾಯಿ ಒಗ್ಗರಣೆಗೆ ದಿನಾ ಬೊಬ್ಬೆ. ನಾಲ್ಕು ದಿನ ಸಹಿಸಿ ಐದನೇ ದಿನ ಯಜಮಾನರು ಸೆಲ್ ಕಿತ್ತು ಟಿ.ವಿ. ರಿಮೋಟಿಗೋ ಗೋಡೆ ಗಡಿಯಾರಕ್ಕೋ ಹಾಕುತ್ತಾರೆ. ಅಲ್ಲಿಗೆ ಮುಗಿಯಿತು! ಒಲೆಯಿಂದ ಹತ್ತು ಫೂಟಾದರೂ ದೂರ, ಪಾವಟಿಗೆಯ ಮೇಲೊಂದು, ಮಲಗುವ ಕೋಣೆಯಲ್ಲೊಂದು ಇರಲಿ. ಫ್ಯಾನಿನ ಬಗಲಿಗೆ ಬೇಡ, ಗಾಳಿ ಹೊಗೆಯನ್ನು ಒಯ್ದುಬಿಡುತ್ತದೆ. ದೇವರ ಮನೆಯ ಊದಿನಕಡ್ಡಿಯಿಂದಲೂ ದೂರವಿರಲಿ.

ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಬೇಕು. ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡುವವರಿಗೆ ನೆನಪಿಡುವದು ಸಲೀಸು. ಕೈ ಮುಟ್ಟದಿದ್ದರೆ ಕಸಬರಿಗೆ ಹಿಡಿಕೆ ಸಾಕು. ಕೂಗು ಮಲಗುವ ಕೋಣೆಗೆ, ಬಾಗಿಲು ಹಾಕಿದಾಗಲೂ, ಕೇಳುತ್ತದೋ ನೋಡಿರಿ. ನಿಮಿಷಕ್ಕೊಮ್ಮೆ ‘ಟಿಕ್’ ಅಂದರೆ ಸೆಲ್ ಸತ್ತಿತೆಂದು ತಿಳಿಯಿರಿ. ಅನ್ನದಿದ್ದರೂ ವರ್ಷಕ್ಕೊಮ್ಮೆ ಬದಲಿಸಿರಿ. ಧೂಳು, ಜೇಡರ ಬಲೆ ಒಳಗೆ ಸೇರಿದರೂ ಸುಳ್ಳು ಕೂಗು ಬರುತ್ತದೆ. ಒಣ ಬ್ರಷ್ಷಿನಿಂದ ಝಾಡಿಸಬೇಕು, ಒದ್ದೆ ಅರಿವೆ ಬೇಡ. ದೀಪಾವಳಿಗೆ ಸುಣ್ಣ ಹಚ್ಚುವಾಗ ಡಬ್ಬಿಗೆ ಪ್ಲಾಸ್ಟಿಕ್ ಚೀಲ ಸುತ್ತುವದು ಸರಿ, ಬಿಚ್ಚುವದನ್ನೇ ಮರೆತು ಬಿಟ್ಟರೆ ಹಚ್ಚಿದ್ದೂ ಒಂದೇ, ಹಚ್ಚದಿದ್ದುದೂ ಒಂದೇ. ಬೆನ್ನಿಗೆ ತಯಾರಾದ ತಾರೀಖು ಇರುತ್ತದೆ. ಹತ್ತು ವರ್ಷ ದಾಟಿದ್ದರೆ, ಎಷ್ಟೇ ಜೋರಾಗಿ ಕೂಗಲಿ, ಹೊಸದು ತರಬೇಕು.

ಇನ್ನೊಂದು. ಗ್ಯಾಸ್ ಸೋರಿದರೆ ಈ ಡಬ್ಬಿಗೆ ತಿಳಿಯುವದಿಲ್ಲ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿರಿ. ಬೆಂಕಿಗೆ 101 ಇಲ್ಲವೆ 112.

ಡಬ್ಬಿ ಕೂಗಿತು, ಎಲ್ಲರೂ ಎದ್ದರು ಅನ್ನಿ. ಶಟರಿನ ಕೀಲಿ ಎಲ್ಲಿದೆ? ಕೆಳಗಿನ ಗಲ್ಲಾ ಪೆಟ್ಟಿಗೆಯಲ್ಲಿಟ್ಟು ಮೇಲೆ ಮಲಗುವ ರೂಢಿಯವರು ಇವತ್ತೇ ಅದನ್ನು ದಿಂಬಿನ ಬಳಿಯ ಮೊಳೆಗೆ ತೂಗುಹಾಕಲಿ.