ಮಾವನಿಗಿಂತ ಹಿರಿಯ ಅಳಿಯ

ಕೊಟ್ಟೂರಿನ ಹೋಟೆಲುಗಳಲ್ಲಿ ಸಂಜೆ ಮಂಡಕ್ಕಿ-ಮೆಣಸಿನಕಾಯಿಯ ತಟ್ಟೆ ಬರಿದಾದ ಮೇಲೆ, ಹಿರಿಯರ ಮೇಜಿನಿಂದ ತಪ್ಪದೆ ಹೊರಡುವ ಕೂಗೊಂದುಂಟು: “ಸಕ್ಕರಿ ಕಮ್ಮಿ!” ಇದೇ ಮಾತನ್ನು ಹಿಂದಿಯಲ್ಲಿ ಹೆಸರಾಗಿ ಇಟ್ಟುಕೊಂಡು 2007ರಲ್ಲಿ ಒಂದು ಚಲಚ್ಚಿತ್ರ ಬಂದಿತು. ಹೆಸರು ‘ಚೀನಿ ಕಮ್’, ನಿರ್ದೇಶಕರಾದ ಆರ್. ಬಾಲ್ಕಿಯವರಿಗೆ ಅದು ಮೊದಲನೆಯ ಚಿತ್ರ. ಚಹದ ಸಕ್ಕರೆಯನ್ನು ಕಡಿಮೆ ಮಾಡಿಕೊಳ್ಳಬೇಕಾದ ವಯಸ್ಸಿನಲ್ಲಿ ಬ್ರಹ್ಮಚಾರಿಯೊಬ್ಬನು ಪ್ರೇಮಕ್ಕೆ ಸಿಲುಕಿದರೆ ಏನಾದೀತೆಂಬುದೇ ಅದರ ಕಥಾವಸ್ತು.

ನಾಯಕ ಬುದ್ಧದೇವ ಗುಪ್ತನಿಗೆ 64 ವರ್ಷ. ಲಂಡನ್ನಿನಲ್ಲಿ ಭಾರತೀಯ ಭೋಜನಶಾಲೆಯನ್ನು ನಡೆಸುವ ಈತನು ಪಾಕಶಾಸ್ತ್ರದಲ್ಲಿ ನಳನೆಷ್ಟೋ ಕೋಪದಲ್ಲಿ ದೂರ್ವಾಸನೂ ಅಷ್ಟೆ. ಒಂದು ದಿನ ದೆಹಲಿಯಿಂದ ಬಂದ 34 ವರ್ಷದ ನೀನಾ ವರ್ಮಾ ಎಂಬಾಕೆ ಕೇಸರಿಯ ಪುಲಾವನ್ನು ತರಿಸಿಕೊಂಡು, ಎರಡು ತುತ್ತು ತಿಂದು, ಸರಿಯಾಗಿಲ್ಲವೆಂದು ಹಿಂದಕ್ಕೆ ಕಳುಹಿಸುತ್ತಾಳೆ. ಬುದ್ಧದೇವನು ಅಡಿಗೆಮನೆಯಿಂದ ಹೊರಗೆ ಬಂದು ಆಕೆಗೆ ದೊಡ್ಡದೊಂದು ಉಪದೇಶವನ್ನೇ ಮಾಡಿಬಿಡುತ್ತಾನೆ. ಆಕೆ ಎದುರು ಮಾತಾಡುವುದಿಲ್ಲ. ಮರುದಿನ ತಾನೇ ಪುಲಾವ್ ಮಾಡಿ ಕಳುಹಿಸುತ್ತಾಳೆ. ಅದರ ರುಚಿ ಕಂಡ ಮೇಲೆ ವಿಚಾರಿಸಿದರೆ, ತನ್ನ ಅಡಿಗೆಯವನು ಉಪ್ಪಿನ ಬದಲು ಸಕ್ಕರೆ ಸುರಿದದ್ದು ಬಯಲಾಗುತ್ತದೆ! ಮುಂದೆ ಮಳೆ, ಮಳೆಗೊಂದು ಕೊಡೆ, ಆ ಕೊಡೆಯನ್ನು ಹಿಂದಿರುಗಿಸುವ ನೆಪ. ಇಷ್ಟರ ಮೇಲೆ ಪ್ರೇಮಕ್ಕೆ ಬೇರೆ ಸಾಮಗ್ರಿ ಬೇಕೆ?

ನಾಯಕನ ಪಾತ್ರ ಅಮಿತಾಭ್ ಬಚ್ಚನ್ನರದು. ಆಗ ಅವರ ನಿಜವಾದ ವಯಸ್ಸೂ 64. ನೀನಾ ಆಗಿ ತಬು ಅಭಿನಯಿಸಿದರು. ಮಗನ ಆಲಸ್ಯವನ್ನು ಕಂಡು ಗೊಣಗುವ ತಾಯಿಯ ಪಾತ್ರದಲ್ಲಿ 95 ವರ್ಷದ ಜೋಹ್ರಾ ಸೆಹಗಲ್ ಕಾಣಿಸಿಕೊಂಡರು. ಆ ಮುದುಕಿ ತೆರೆಯ ಮೇಲಿರುವಷ್ಟು ಹೊತ್ತು ಮಿಕ್ಕವರೆಲ್ಲ ಸಪ್ಪೆಯಾಗಿ ತೋರುತ್ತಾರೆಂಬುದು ಈ ಲೇಖಕನ ಅಭಿಪ್ರಾಯ.

ಹಾಲಿವುಡ್ಡಿಗೆ ಈ ವಿಷಯ ಹೊಸದಲ್ಲ. 1957ರಲ್ಲಿ ಬಿಲ್ಲಿ ವೈಲ್ಡರ್ ನಿರ್ದೇಶಿಸಿದ ‘ಲವ್ ಇನ್ ದಿ ಆಫ್ಟರ್‌ನೂನ್’ ಚಿತ್ರದಲ್ಲಿ, ಪ್ಯಾರಿಸ್ ನಗರದ ತರುಣಿ ಆಡ್ರೆ ಹೆಪ್‌ಬರ್ನಳನ್ನು ಮರುಳುಗೊಳಿಸುವ ಗ್ಯಾರಿ ಕೂಪರ್ ಆಕೆಗಿಂತ ಸುಮಾರು 28 ವರ್ಷ ಹಿರಿಯ. ವೈಲ್ಡರ್ ಆ ಅಂತರವನ್ನು ನಯವಾಗಿ ಮರೆಸಲು ನೋಡಿದರೆ ಬಾಲ್ಕಿ ಅದನ್ನೇ ಎಳೆದು ತಂದು ನಡುಮನೆಯಲ್ಲಿ ಕೂರಿಸುತ್ತಾರೆ.

ಕನ್ನಡಿಗರಿಗೆ ಈ ಚಿತ್ರದಲ್ಲಿ ಇನ್ನೊಂದು ಸ್ವಾರಸ್ಯವುಂಟು. ಇದರ ‘ಜಾನೇ ದೋ ನಾ’ ಎಂಬ ಹಾಡನ್ನು ಮೊದಲ ಬಾರಿ ಕೇಳಿದಾಗ ಹಡಗಲಿಯವನಾದರೂ ಹಗರಿಬೊಮ್ಮನಹಳ್ಳಿಯವನಾದರೂ ಥಟ್ಟನೆ ಕಿವಿ ನಿಮಿರಿಸದೆ ಇರಲಾರನು. 1981ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ ಚಿತ್ರದ ‘ಜೊತೆಯಲಿ’ ಗೀತೆಯ ಧಾಟಿಯೇ ಅದು! ಎರಡಕ್ಕೂ ಸಂಗೀತ ಇಳೆಯರಾಜ ಅವರದು. ನಮ್ಮ ಕಡೆಯ ಮದುವೆಯ ಮೆರವಣಿಗೆಗಳಲ್ಲಿ ಬ್ಯಾಂಡಿನವರು ಬಾರಿಸಿ ಸವೆಸಿದ ಸ್ವರ, 26 ವರ್ಷಗಳ ತರುವಾಯ ಲಂಡನ್ನಿನ ನರೆಗೂದಲಿನ ಪ್ರೇಮಿಗೆ ಒದಗಿ ಬಂದಿತು.

ಕಥೆಗೆ ನಿಜವಾದ ಬಿಕ್ಕಟ್ಟು ಬರುವುದು ದೆಹಲಿಯಲ್ಲಿ. ನೀನಾಳ ತಂದೆ ಓಂಪ್ರಕಾಶ ವರ್ಮನು ಗಾಂಧೀವಾದಿ, ವಯಸ್ಸು 58. ಕನ್ಯೆಯನ್ನು ಕೇಳಲು ಬಂದ ಅಳಿಯನು ಮಾವನಿಗಿಂತ ಆರು ವರ್ಷ ದೊಡ್ಡವನು! ಯಾರು ಯಾರಿಗೆ ನಮಸ್ಕರಿಸಬೇಕು? ಪರೇಶ್ ರಾವಲ್ ಈ ಪಾತ್ರವನ್ನು ಜೀವ ತುಂಬಿ ಮಾಡಿದ್ದಾರೆ. ಒಪ್ಪಲಾರದ ತಂದೆ ಮನೆಯಲ್ಲಿಯೇ ಉಪವಾಸ ಸತ್ಯಾಗ್ರಹ ಹೂಡುತ್ತಾನೆ. ಪ್ರೇಕ್ಷಕರು ನಗುತ್ತಾರೆ.

ಈ ನಗು ಯಾರ ಮೇಲಿನದು? ಇಲ್ಲಿ ಕೊಂಚ ಹಿಂದಕ್ಕೆ ಹೋಗಬೇಕು. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಎಣಿಸಲ್ಪಡುವ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ 1887ರಲ್ಲಿ ಪ್ರಕಟವಾಯಿತು. ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಅದರಲ್ಲಿ ಖಂಡಿಸಿದ್ದು ಕನ್ಯಾವಿಕ್ರಯವನ್ನು. ಹಣ ತೆಗೆದುಕೊಂಡು ಎಳೆಯ ಹೆಣ್ಣನ್ನು ವಯಸ್ಸಾದವನಿಗೆ ಧಾರೆಯೆರೆಯುವ ಪದ್ಧತಿಯ ಮೇಲೆ ಶಾಸ್ತ್ರಿಗಳ ನಗು ಚಾಟಿಯಂತೆ ಬೀಸಿತು. ಅಂದಿನ ವಯಸ್ಸಿನ ಅಂತರದಲ್ಲಿ ಹುಡುಗಿಯ ಬಾಯಿಗೆ ಎಡೆಯೇ ಇರಲಿಲ್ಲ. ಹುಡುಗಿಗೆ 14 ವರ್ಷವಾದರೂ ಆಗಿರಬೇಕೆಂಬ ಶಾರದಾ ಕಾಯಿದೆ ಆದದ್ದು 1929ರಲ್ಲಿ. ಅದು 18ಕ್ಕೆ ಏರಿದ್ದು 1978ರಲ್ಲಿ.

ಇನ್ನು ನಮ್ಮ ಕಡೆಯ ಮಾತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ತಲತಲಾಂತರದ ರೂಢಿ. ರೂಢಿಯಿದ್ದಲ್ಲಿ 1955ರ ಹಿಂದೂ ವಿವಾಹ ಕಾಯಿದೆಯೂ ಇದಕ್ಕೆ ಅಡ್ಡಬರುವುದಿಲ್ಲ. ಸೋದರಮಾವನು ಹನ್ನೆರಡು, ಹದಿನೈದು ವರ್ಷ ದೊಡ್ಡವನಾಗಿರುವುದನ್ನು ಕಂಡು ಇಲ್ಲಿ ಯಾರೂ ಹುಬ್ಬೇರಿಸರು. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರು ಇದ್ದಿದ್ದರೆ ಈ ಅಳಿಯ-ಮಾವಂದಿರ ಲೆಕ್ಕವನ್ನು ನಮಗಿಂತ ಚೆನ್ನಾಗಿ ಬಿಡಿಸುತ್ತಿದ್ದರು! ಹಾಗಾದರೆ ಓಂಪ್ರಕಾಶನಂಥ ತಂದೆಯರನ್ನು ಕೆರಳಿಸುವುದು ಮೂವತ್ತು ವರ್ಷದ ಅಂತರವೊಂದೇ ಅಲ್ಲ. ವರನನ್ನು ತಾನು ಹುಡುಕಲಿಲ್ಲ, ಮಗಳು ಹುಡುಕಿದಳು ಎಂಬುದೂ ಹೌದು.

ಇದನ್ನು ನಾನು ಕಲಿತದ್ದು ಚಿತ್ರದಿಂದಲ್ಲ. ಇಗ್ಗಪ್ಪ ಹೆಗಡೆಯ ಪಾಠ ಹೇಳುತ್ತ ಒಮ್ಮೆ ತರಗತಿಯಲ್ಲಿ ಈ ಚಿತ್ರದ ಕಥೆಯನ್ನೂ ಹೇಳಿದ್ದೆ. ಹುಡುಗರೆಲ್ಲ ನಕ್ಕರು. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಮಾತ್ರ, “ಎಷ್ಟೇ ವಯಸ್ಸಾಗಿರಲಿ ಸಾರ್, ಆತ ಅಕಿನ್ನ ಕೇಳಿದನಲ್ಲ” ಎಂದಳು. ನಾನು ಅಂದು ಆ ಮಾತಿಗೆ ಬೆಲೆ ಕೊಡದೆ ಮುಂದಿನ ಅಂಕಕ್ಕೆ ಹೋದೆ.

ಮೂರು ವಾರಗಳ ಬಳಿಕ ಆಕೆಯ ತಂದೆ ವರ್ಗಾವಣೆ ಪತ್ರ ಕೇಳಿಕೊಂಡು ಬಂದರು. ಹೆಂಡತಿಯ ತಮ್ಮನಿಗೆ ಕೊಡುವುದೆಂದು ನಿಶ್ಚಯವಾಗಿದೆ, ಇನ್ನು ಓದು ಸಾಕು ಎಂದರು. ಹುಡುಗಿಗೆ ಇಪ್ಪತ್ತು, ವರನಿಗೆ ಮೂವತ್ತಾರು. “ಮಗಳನ್ನು ಕೇಳಿದಿರಾ?” ಎಂದೆ. ಅವರಿಗೆ ಸಿಟ್ಟು ಬರಲಿಲ್ಲ; ಬೆರಗಾಯಿತು. “ಅಕಿನ್ನೇನು ಕೇಳಾದ್ರೀ ಸಾರ್? ಹುಟ್ಟಿದಾಗಿಂದ ನೋಡಿದ ಹುಡುಗ, ನಮ್ಮನೇರ ಅಲ್ಲೇನ್ರಿ?” ಅವರು ಕೆಟ್ಟವರಲ್ಲ. ಮಗಳಿಗಾಗಿ ಬಸ್ಸಿನಲ್ಲಿ ಬರುವಾಗ ತಂದ ಬಾಳೆಹಣ್ಣಿನ ಚೀಲ ಅವರ ತೊಡೆಯ ಮೇಲಿತ್ತು.

ಅರ್ಜಿಗೆ ವಿದ್ಯಾರ್ಥಿನಿಯ ರುಜು ಬೇಕೆಂದು ಹೇಳಿದೆ. ನಿಯಮವೇ ಹಾಗಿತ್ತು, ನನ್ನದೇನೂ ಧೈರ್ಯವಲ್ಲ. ಹೊರಗಿನ ಬೆಂಚಿನಲ್ಲಿದ್ದವಳು ಒಳಗೆ ಬಂದು, ಲೇಖನಿಯನ್ನು ತೆಗೆದುಕೊಂಡು ಕಾಗದವನ್ನು ಪೂರ್ತಿ ಓದಿದಳು. ಅನಂತರ ಲೇಖನಿಯ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

“ಪರೀಕ್ಷೆ ಮುಗೀಲಿ ಅಪ್ಪಾ, ಆಮೇಲೆ ನನ್ನ ಕೇಳು” ಎಂದಳು.

ತಂದೆ ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಬಾಳೆಹಣ್ಣಿನ ಚೀಲವನ್ನು ಆಕೆಯ ಕೈಗೆ ಕೊಟ್ಟು, ಕೂಡ್ಲಿಗಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.