ಬೇಸಿನ್ನಿನ ಕೊಳವೆ: ನಾವೇ ಬದಲಾಯಿಸಿಕೊಳ್ಳುವ ಕ್ರಮ



ಬೋರ್ಡೋ ಸಿಂಪಡಿಸುವ ಪಂಪಿನ ವಾಷರನ್ನು ತಾವೇ ಬದಲಾಯಿಸುವ ನಮ್ಮ ಬೆಳೆಗಾರರು, ಬಚ್ಚಲುಮನೆಯ ಬೇಸಿನ್ ಸೋರಿದರೆ ಮಾತ್ರ ಪೇಟೆಯ ಪ್ಲಂಬರನಿಗೆ ಹೇಳಿಕಳುಹಿಸಿ ವಾರಗಟ್ಟಲೆ ಕಾಯುತ್ತಾರೆ. ನಾನೂ ಹಾಗೆಯೇ ಇದ್ದೆ.

ಕಳೆದ ಏಪ್ರಿಲ್‌ನಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಬೇಸಿನ್ನಿನ ಕೆಳಗೆ ಸೋರಿಕೆ, ಜೊತೆಗೆ ಕೆಟ್ಟ ವಾಸನೆ. ಇಲಿ ಸತ್ತಿರಬೇಕೆಂದು ಮನೆಯವರು ಮೂಲೆಮೂಲೆ ಹುಡುಕಿದ್ದರು. ಪಕ್ಕದ ಕೋಣೆಯಲ್ಲಿ ಮೂರು ತಿಂಗಳ ಮೊಮ್ಮಗು ಮಲಗುತ್ತಿತ್ತು. "ನಾಳೆ ಬರ್ತೀನ್ರೀ" ಎಂದ ಪ್ಲಂಬರ್ ಮೂರು ದಿನವಾದರೂ ಬರಲಿಲ್ಲ. ನಾನೇ ಬಗ್ಗಿ ನೋಡಿದೆ. ಹಿಂದೆ ಯಾರೋ ದುರಸ್ತಿ ಮಾಡಿದವರು ಟ್ರ್ಯಾಪ್ ತೆಗೆದುಹಾಕಿ, ನೆಟ್ಟನೆಯ ಪ್ಲಾಸ್ಟಿಕ್ ಪೈಪನ್ನು ಗೋಡೆಯ ಕೊಳವೆಗೆ ಸಿಕ್ಕಿಸಿದ್ದರು. ಸತ್ತ ಇಲಿ ಇರಲಿಲ್ಲ. ಚರಂಡಿಯ ಗಾಳಿಯೇ ಮನೆಯೊಳಕ್ಕೆ ಬರುತ್ತಿತ್ತು.

ಟ್ರ್ಯಾಪ್ ಎಂದರೆ ನೀರಿನ ಬಾಗಿಲು. ಅದರಲ್ಲಿ ಸದಾ ಎರಡು ಮೂರು ಇಂಚು ನೀರು ನಿಂತಿರುತ್ತದೆ. ಬಳಸಿದ ನೀರು ದಾಟಿ ಹೋಗುತ್ತದೆ, ದುರ್ಗಂಧ ಹಿಂದಕ್ಕೆ ಬಾರದು. ಲಂಡನ್ನಿನ ಗಡಿಯಾರದ ಕುಶಲಕರ್ಮಿ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಶೌಚಾಲಯಕ್ಕಾಗಿ ಪೇಟೆಂಟ್ ಪಡೆದ ಬಾಗುಕೊಳವೆಯ ತತ್ವವೂ ಇದೇ.

ಕೊಳ್ಳಬೇಕಾದವು: 32 ಮಿ.ಮೀ. ವೇಸ್ಟ್ ಕಪ್ಲಿಂಗ್, ಅದೇ ಅಳತೆಯ ಬಾಟಲ್ ಟ್ರ್ಯಾಪ್, ರಬ್ಬರ್ ವಾಷರುಗಳು. ಬೇಸಿನ್ನಿನ ಮೇಲ್ಭಾಗದಲ್ಲಿ ಹೆಚ್ಚುವರಿ ನೀರು ಹೋಗುವ ತೂತಿದ್ದರೆ ಹಾಫ್ ಥ್ರೆಡ್ ಕಪ್ಲಿಂಗ್, ಇಲ್ಲದಿದ್ದರೆ ಫುಲ್ ಥ್ರೆಡ್ ಕೇಳಿರಿ. ಹಳೆಯದನ್ನು ಬಿಚ್ಚಿ ಅಂಗಡಿಗೆ ಒಯ್ಯುವುದು ಉತ್ತಮ.

ಕೆಲಸದ ಕ್ರಮ ಹೀಗಿದೆ:

1. ಬೇಸಿನ್ನಿಗೆ ಬರುವ ನೀರನ್ನು ನಿಲ್ಲಿಸಿ, ಕೆಳಗೆ ಬಕೆಟ್ ಇಡಿ. ಹಳೆಯ ಪೈಪು ಅಥವಾ ಟ್ರ್ಯಾಪಿನ ನಟ್ಟನ್ನು ಬಿಚ್ಚಿ.

2. ಕಪ್ಲಿಂಗಿನ ಹಿಂಬದಿಯ ನಟ್ಟನ್ನು ಸಡಿಲಿಸಿ. ಸಿಂಧನೂರಿನ ಆ ಮನೆಯದು ಗಡಸಾದ ಬೋರ್ ನೀರು. ಬಿಳಿ ಸುಣ್ಣ ಕಟ್ಟಿ ನಟ್ಟು ಕದಲಲಿಲ್ಲ. ಅರ್ಧ ಗಂಟೆ ಸೀಮೆಎಣ್ಣೆ ಹಚ್ಚಿಟ್ಟರೂ ಬಾರದೆ, ಕೊನೆಗೆ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದೆ. ಸುತ್ತಿಗೆ ಬಳಸಬೇಡಿ, ಪಿಂಗಾಣಿ ಒಡೆಯುತ್ತದೆ.

3. ಬೇಸಿನ್ನಿನ ತೂತಿನ ಸುತ್ತ ಕಟ್ಟಿದ ಸುಣ್ಣವನ್ನು ಹುಣಸೆಹುಳಿ ಅಥವಾ ನಿಂಬೆರಸದಿಂದ ನೆನೆಸಿ ತಿಕ್ಕಿ. ಆಸಿಡ್ ಬೇಡ, ಅದು ಲೋಹದ ಹೊಳಪನ್ನೂ ತಿನ್ನುತ್ತದೆ.

4. ಹೊಸ ಕಪ್ಲಿಂಗನ್ನು ವಾಷರಿನೊಡನೆ ಇಳಿಸಿ. ಹಾಫ್ ಥ್ರೆಡ್ ಆದರೆ ಅದರ ಕಿಂಡಿ ಬೇಸಿನ್ನಿನೊಳಗಿನ ದಾರಿಗೆ ಎದುರಾಗಿರಬೇಕು. ಬಿಳಿ ಸಿಮೆಂಟ್ ಮೆತ್ತಬೇಡಿ. ಮುಂದಿನ ಸಲ ಬಿಚ್ಚಲಾಗದು.

5. ಬಾಟಲ್ ಟ್ರ್ಯಾಪನ್ನು ನೆಟ್ಟಗೆ ಕೂರಿಸಿ, ಹೊರಕೊಳವೆಯನ್ನು ಗೋಡೆಯೊಳಕ್ಕೆ ಸೇರಿಸಿ. ನಟ್ಟುಗಳನ್ನು ಕೈಯಿಂದ ಬಿಗಿಮಾಡಿ, ಬಳಿಕ ಸ್ಪ್ಯಾನರಿನಿಂದ ಕಾಲು ಸುತ್ತು ಮಾತ್ರ. ಹೆಚ್ಚು ಬಿಗಿದರೆ ವಾಷರು ಹೊರಕ್ಕೆ ಜಾರಿ ಸೋರುತ್ತದೆ.

6. ಬೇಸಿನ್ ತುಂಬಿಸಿ ಒಮ್ಮೆಲೆ ಬಿಡಿ. ಕೆಳಗೆ ಹಾಸಿದ ಒಣ ಪತ್ರಿಕೆಯ ಮೇಲೆ ಹನಿ ಬೀಳದಿದ್ದರೆ ಕೆಲಸ ಮುಗಿಯಿತು.

ಎರಡು ಗಂಟೆಯಲ್ಲಿ ಮುಗಿಯಿತು. ಮರುದಿನ ವಾಸನೆ ಇರಲಿಲ್ಲ.

ಹಿಂತಿರುಗುವ ದಾರಿಯಲ್ಲಿ ಮಸ್ಕಿಯ ಬಂಧುಗಳ ಮನೆಗೆ ಹೋದೆವು. ಎರಡು ತಿಂಗಳು ಬೀಗ ಹಾಕಿದ್ದ ಮನೆ. ಬಾಗಿಲು ತೆರೆದೊಡನೆ ಅದೇ ವಾಸನೆ. ಕೊಳವೆಗಳು ಸರಿಯಿದ್ದವು, ಆದರೆ ಆ ಬಿಸಿಲಿಗೆ ಟ್ರ್ಯಾಪಿನ ನೀರು ಒಣಗಿತ್ತು. ತಂಬಿಗೆ ನೀರು ಹೊಯ್ದ ಮೇಲೆ ಸಂಜೆಯೊಳಗೆ ಸರಿಹೋಯಿತು. ಲಿಂಗಸುಗೂರಿನ ಬೀಗರ ಮನೆಯಲ್ಲಾದರೋ ಹಿರಿಯ ತಾಯಿಯೊಬ್ಬರು ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ನೀರು ಹಾಕುವ ರೂಢಿ ಇಟ್ಟುಕೊಂಡಿದ್ದಾರೆ.

ಇದು ಸಣ್ಣ ವಿಷಯವಲ್ಲ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ ಸಾರ್ಸ್ ರೋಗ 300ಕ್ಕೂ ಹೆಚ್ಚು ಜನರಿಗೆ ತಗುಲಿದಾಗ, ಬಚ್ಚಲಿನ ಟ್ರ್ಯಾಪುಗಳು ಒಣಗಿದ್ದುದೂ ಒಂದು ಕಾರಣವೆಂದು ತನಿಖೆಯಿಂದ ತಿಳಿಯಿತು.

ಮಲೆನಾಡಿನಲ್ಲಿ ನೀರಿಗೆ ಬರವಿಲ್ಲವೆಂದು ನಾವು ಉದಾಸೀನ ಮಾಡಬಾರದು. ಕೊಯ್ಲು ಮುಗಿದ ಮೇಲೆ ಖಾಲಿ ಬೀಳುವ ಲೈನ್ ಮನೆಗಳು, ಮಕ್ಕಳ ಮನೆಗೆಂದು ಬೇಸಿಗೆಯಲ್ಲಿ ಬೀಗ ಹಾಕಿ ಹೋಗುವ ನಮ್ಮ ಮನೆಗಳು, ಇವುಗಳ ಸ್ಥಿತಿಯೂ ಅದೇ. ಹೊರಡುವ ಮುನ್ನ ಪ್ರತಿ ಬೇಸಿನ್, ಬಚ್ಚಲಿಗೆ ಒಂದು ತಂಬಿಗೆ ನೀರು ಹಾಕಿ, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ನೀರು ಬೇಗ ಆರುವುದಿಲ್ಲ. ಪ್ಲಂಬರನಿಂದಲೇ ಕೆಲಸ ಮಾಡಿಸಿದರೂ ಅವನು ಹೋಗುವ ಮುನ್ನ ಬಗ್ಗಿ ನೋಡಿ, ಟ್ರ್ಯಾಪ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

— ಕಾರ್ಯದರ್ಶಿ