ಪರದೇಶಿಯ ಬಾಳುವೆ: ಬೀದರಿನಲ್ಲಿ ಅಫನಾಸಿ ನಿಕಿತಿನ್, ಮತ್ತು ಆಳಂದದ ಕುದುರೆಯ ಜಾತ್ರೆ

ನಮ್ಮ ಕಾಲೇಜುಗಳಲ್ಲಿ ಚರಿತ್ರೆಯನ್ನು ಅಭ್ಯಸಿಸುವವರಿಗೆ ವಿದೇಶೀಯ ಪ್ರವಾಸಿಗಳೆಂದರೆ ನ್ಯಾಯಸ್ಥಾನದ ಸಾಕ್ಷಿಗಳಂತೆ. ಹ್ಯೂಯೆನ್ ತ್ಸಾಂಗನು ಏನು ಕಂಡನು, ಅಬ್ದುರ್ ರಜಾಕನು ಏನು ಕಂಡನು, ಪಾಯಸನು ಏನು ಕಂಡನು ಎಂದು ಕೇಳುತ್ತೇವೆ. ಉತ್ತರವನ್ನು ಬರೆದುಕೊಂಡು ಸಾಕ್ಷಿಯನ್ನು ಕಳುಹಿಸಿಬಿಡುತ್ತೇವೆ. ಹಾಗೆ ಕಾಣುತ್ತಿದ್ದ ದಿನಗಳಲ್ಲಿ ಆತನು ಏನು ಉಂಡನು, ದಿನಕ್ಕೆ ಎಷ್ಟು ವ್ಯಯ ಮಾಡಿದನು, ನೆರೆಯವರು ಆತನನ್ನು ಯಾವ ಹೆಸರಿನಿಂದ ಕರೆದರು, ತನ್ನ ಹಬ್ಬಹರಿದಿನಗಳನ್ನು ಆತನು ಹೇಗೆ ನೆನಪಿಟ್ಟುಕೊಂಡನು ಎಂಬ ಪ್ರಶ್ನೆಗಳು ನಮಗೆ ತೋಚುವುದಿಲ್ಲ. ಪರನಗರದಲ್ಲಿ ನೆಲಸಿದವನ ನಿತ್ಯಜೀವನವೇ ಇತಿಹಾಸದ ವಸ್ತುವಾಗಬಲ್ಲುದೆಂಬುದನ್ನು ತೋರಿಸುವ ಒಂದು ಗ್ರಂಥವು ನಮ್ಮ ಪ್ರದೇಶಕ್ಕೇ ಸಂಬಂಧಿಸಿದುದಾಗಿದೆ. ರಷ್ಯಾದ ತ್ವೇರ್ ನಗರದ ವರ್ತಕನಾದ ಅಫನಾಸಿ ನಿಕಿತಿನನು ಬರೆದಿಟ್ಟ, ಮೂರು ಸಮುದ್ರಗಳಾಚೆಯ ಪ್ರಯಾಣದ ವೃತ್ತಾಂತವೇ ಅದು. ಬೀದರಿನಲ್ಲಿ ಆತನು ಬಹುಕಾಲ ನಿಂತನು. ಕಲಬುರಗಿಯನ್ನೂ ಆಳಂದವನ್ನೂ ಕಂಡನು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಆತನ ಹೆಸರನ್ನು ಬಲ್ಲವರು ವಿರಳ.

ಕಾಲನಿರ್ಣಯವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ನಿಕಿತಿನನು ಭಾರತದಲ್ಲಿದ್ದುದು 1469ರಿಂದ 1472ರವರೆಗೆ ಎಂಬುದು ಹಳೆಯ ಗಣನೆ. ಇದನ್ನು ಸುಮಾರು ಎರಡು ವರ್ಷ ಮುಂದಕ್ಕೆ ತಂದು 1471ರಿಂದ 1474 ಎಂದು ಸೋವಿಯತ್ ವಿದ್ವಾಂಸ ಸೆಮೆನೋವ್ ವಾದಿಸಿದರು. ಯಾವುದನ್ನು ಒಪ್ಪಿದರೂ ಅದು ಮೂರನೆಯ ಮಹಮ್ಮದ್ ಶಾಹನು ಸಿಂಹಾಸನದಲ್ಲಿದ್ದು, ಮಹಮೂದ್ ಗವಾನನು ರಾಜ್ಯಭಾರವನ್ನು ನಡೆಸುತ್ತಿದ್ದ ಕಾಲ. ಗವಾನನು ಸ್ವತಃ ಪರದೇಶಿ. ಪರ್ಷಿಯಾದ ಗೀಲಾನಿನಿಂದ 1453ರಲ್ಲಿ ದಾಭೋಳ ಬಂದರಿನಲ್ಲಿ ಇಳಿದು ವರ್ತಕನಾಗಿ ಬೀದರಿಗೆ ಬಂದವನು. ಬಹಮನೀ ದೊರೆಗಳು ಹೊರನಾಡಿಗರನ್ನು ಕರೆಸಿಕೊಳ್ಳುವ ಪದ್ಧತಿಯು ಅದಕ್ಕೂ ಹಿಂದಿನದು. ಕಲಬುರಗಿಯಿಂದ ಜೇವರ್ಗಿಗೆ ಹೋಗುವವರು ಭೀಮಾನದಿಯ ದಂಡೆಯಲ್ಲಿ ಫಿರೋಜಾಬಾದಿನ ಹಾಳುಕೋಟೆಯನ್ನು ಕಂಡಿರಬಹುದು. ಸುಮಾರು 1400ರಲ್ಲಿ ಅದನ್ನು ಕಟ್ಟಿಸಿದ ಫಿರೋಜ್ ಶಾಹನು, ವಿದೇಶಗಳಿಂದ ವಿದ್ವಾಂಸರನ್ನೂ ಸಾಮಗ್ರಿಗಳನ್ನೂ ತರಲು ವರ್ಷವರ್ಷವೂ ಹಡಗುಗಳನ್ನು ಕಳುಹಿಸುತ್ತಿದ್ದನೆಂದು ಫಿರಿಷ್ತಾ ಹೇಳುತ್ತಾನೆ. ಹೀಗೆ ಬಂದ ಪರ್ಷಿಯನರು, ತುರ್ಕರು, ಅರಬರು ಆಫಾಕಿಗಳೆಂದೂ ಗರೀಬರೆಂದೂ ಕರೆಯಲ್ಪಟ್ಟರು.

ಇಲ್ಲಿ ಒಂದು ಮಾತು. ಅರಬ್ಬಿಯಲ್ಲಿ ಗರೀಬನೆಂದರೆ ಅಪರಿಚಿತ, ಹೊರಗಿನವನು. ನಮ್ಮ ಕಡೆಯ ಆಡುಮಾತಿನಲ್ಲಿ ಅದಕ್ಕೆ ಬಡವನೆಂಬ ಅರ್ಥವು ನಿಂತಿದೆ. ಸಂಸ್ಕೃತದ ಪರದೇಶಿ ಶಬ್ದಕ್ಕೂ ಇದೇ ಗತಿ. ಅನ್ಯದೇಶದವನೆಂಬ ಅರ್ಥವು ಪುಸ್ತಕದಲ್ಲಿ ಉಳಿದು, ದಿಕ್ಕಿಲ್ಲದವನೆಂಬ ಅರ್ಥವು ಜನರ ಬಾಯಲ್ಲಿ ಉಳಿದಿದೆ. ಗವಾನನು ಮೊದಲನೆಯ ಅರ್ಥದಲ್ಲಿ ಗರೀಬ. ನಿಕಿತಿನನು ಎರಡೂ ಅರ್ಥಗಳಲ್ಲಿ.

ಆತನ ದುರವಸ್ಥೆಯು ಭಾರತವನ್ನು ಮುಟ್ಟುವ ಮೊದಲೇ ಆರಂಭವಾಯಿತು. ವೋಲ್ಗಾ ನದಿಯ ಮುಖದ ಬಳಿ, ಆಸ್ತ್ರಾಖಾನಿನ ಹತ್ತಿರ, ತಾತಾರರು ದೋಣಿಯನ್ನು ಕೊಳ್ಳೆಹೊಡೆದರು. ಸರಕಿನೊಂದಿಗೆ ಪುಸ್ತಕಗಳೂ ಹೋದವು. ಬರಿಗೈಯಲ್ಲಿ ಊರಿಗೆ ಮರಳಲಾರದೆ ಆತನು ಪರ್ಷಿಯಾದ ಮೂಲಕ ಹೋರ್ಮುಜಿಗೆ ಬಂದು, ಒಂದು ಗಂಡುಕುದುರೆಯೊಡನೆ ಹಡಗನ್ನೇರಿ ಚೌಲ ಬಂದರಿನಲ್ಲಿ ಇಳಿದನು. ದಖ್ಖಣದ ಸೈನ್ಯಗಳಿಗೆ ಬೇಕಾದ ಉತ್ತಮ ಕುದುರೆಗಳು ಈ ನೆಲದಲ್ಲಿ ಹುಟ್ಟುತ್ತಿರಲಿಲ್ಲವಾದ್ದರಿಂದ ಅರಬಸ್ತಾನದಿಂದಲೂ ಪರ್ಷಿಯಾದಿಂದಲೂ ಅವು ಬರಬೇಕಾಗಿದ್ದವು. ಕುದುರೆಯನ್ನು ತಂದವನು ಕೈಸುಟ್ಟುಕೊಳ್ಳನೆಂಬ ನಂಬಿಕೆ ವರ್ತಕರಲ್ಲಿತ್ತು. ಚೌಲದಲ್ಲಿ ಆತನು ಹೋದಲ್ಲೆಲ್ಲ ಬಿಳಿಯ ಮನುಷ್ಯನನ್ನು ನೋಡಲು ಜನರು ಹಿಂಬಾಲಿಸುತ್ತಿದ್ದರಂತೆ.

ಜುನ್ನರದಲ್ಲಿ ಮಳೆಗಾಲ ಹಿಡಿಯಿತು. ತನ್ನ ನಾಡಿನ ಋತುಗಳನ್ನೇ ತಲೆಯಲ್ಲಿಟ್ಟುಕೊಂಡಿದ್ದ ಆತನು ಅದನ್ನು ಚಳಿಗಾಲವೆಂದೇ ಕರೆಯುತ್ತಾನೆ. ಎಲ್ಲೆಲ್ಲೂ ನೀರು, ಎಲ್ಲೆಲ್ಲೂ ಕೆಸರು. ಅಲ್ಲಿಯ ಅಧಿಕಾರಿಯಾದ ಖಾನನು, ಈತನು ಮುಸಲ್ಮಾನನಲ್ಲವೆಂದು ತಿಳಿದೊಡನೆ ಕುದುರೆಯನ್ನು ಕಸಿದುಕೊಂಡನು. ಮತವನ್ನು ಬದಲಿಸಿದರೆ ಕುದುರೆಯೊಡನೆ ಸಾವಿರ ಹೊನ್ನು. ಇಲ್ಲವಾದರೆ ಕುದುರೆಯೂ ಇಲ್ಲ, ಮೇಲೆ ಸಾವಿರ ಹೊನ್ನಿನ ದಂಡ. ನಾಲ್ಕು ದಿನಗಳ ಗಡುವು. ಈ ಕುದುರೆಯ ಬೆಲೆಯೇನೆಂಬುದನ್ನು ಗ್ರಹಿಸದೆ ಈ ಸಂಕಟವು ಅರ್ಥವಾಗದು. ಜುನ್ನರಕ್ಕೆ ತಲಪುವಷ್ಟರಲ್ಲಿ ಅದಕ್ಕೆ ನೂರು ರೂಬಲುಗಳಾಗಿದ್ದವೆಂದು ಆತನೇ ಬರೆಯುತ್ತಾನೆ. ಹಿಂದೂಸ್ತಾನದಲ್ಲಿ ಒಂಟಿ ಮನುಷ್ಯನಾದ ತನಗೆ ಊಟಕ್ಕೆ ದಿನಕ್ಕೆ ಎರಡೂವರೆ ಆಲ್ತಿನ್ ತಗಲುತ್ತದೆ, ಮದ್ಯವನ್ನೂ ಜೇನುಪಾನಕವನ್ನೂ ಮುಟ್ಟದಿದ್ದರೂ ಇಷ್ಟಾಗುತ್ತದೆ ಎಂದು ಬೇರೊಂದೆಡೆ ಹೇಳುತ್ತಾನೆ. ಮಾಸ್ಕೋದ ಗಣನೆಯಂತೆ ರೂಬಲಿಗೆ ಮೂವತ್ತಮೂರು ಆಲ್ತಿನ್‌ಗಳೆಂದು ಹಿಡಿದರೆ, ಆ ಕುದುರೆಯು ಅದರ ಒಡೆಯನ ಮೂರೂವರೆ ವರ್ಷಗಳ ಅನ್ನವಾಗಿತ್ತು. ಗಡುವು ಮುಗಿಯುವ ಹೊತ್ತಿಗೆ ಖುರಾಸಾನದ ಖೋಜಾ ಮಹಮ್ಮದನೆಂಬವನು ಬಂದು ಖಾನನೊಡನೆ ಮಾತನಾಡಿ ಕುದುರೆಯನ್ನು ಬಿಡಿಸಿಕೊಟ್ಟನು. ಒಬ್ಬ ಗರೀಬನನ್ನು ಇನ್ನೊಬ್ಬ ಗರೀಬನು ಉಳಿಸಿದನು, ಮತಭೇದವು ಅಡ್ಡಬರಲಿಲ್ಲ. ಕುದುರೆಯನ್ನು ಕಸಿದ ಖಾನನನ್ನು ಮಾತ್ರ ಉದಾಹರಿಸಿ ಈ ಖೋಜಾನನ್ನು ಬಿಟ್ಟುಬಿಡುವ ಬರಹಗಾರರ ಕ್ರಮವು ನಮಗೆ ಸರಿತೋರದು.

ಬೀದರಿಗೆ ಬಂದ ಮೇಲೆ ಆತನು ಇಟ್ಟುಕೊಂಡ ಹೆಸರು ಖೋಜಾ ಯೂಸುಫ್ ಖುರಾಸಾನಿ ಎಂದು. ಆಳುವ ವರ್ಗವೆಲ್ಲ ಖುರಾಸಾನದವರಾಗಿದ್ದ ಪಟ್ಟಣದಲ್ಲಿ ಈ ಹೆಸರೇ ಒಂದು ರಹದಾರಿ ಪತ್ರ. ಆದರೂ ಅದರಿಂದ ಅರಮನೆಯ ಬಾಗಿಲು ತೆರೆಯಲಿಲ್ಲ. ಸುಲ್ತಾನನ ಅರಮನೆಗೆ ಏಳು ಬಾಗಿಲು, ಬಾಗಿಲಿಗೆ ನೂರು ಕಾವಲುಗಾರರು, ನೂರು ಮಂದಿ ಹಿಂದೂ ಕರಣಿಕರು. ಒಳಹೋಗುವವರನ್ನೂ ಹೊರಬರುವವರನ್ನೂ ಬರೆದುಕೊಳ್ಳುತ್ತಿದ್ದರು. ಗರೀಬರಿಗೆ ಮಾತ್ರ ಪ್ರವೇಶವಿಲ್ಲ. ರಾತ್ರಿ ಕೊತ್ವಾಲನ ಸಾವಿರ ಸವಾರರು ಕವಚ ತೊಟ್ಟು, ಪಂಜು ಹಿಡಿದು ನಗರವನ್ನು ಸುತ್ತುತ್ತಿದ್ದರು. ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಹೋಗುವ ಅಮೀರರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಕುರಿತ ಆತನ ಮಾತುಗಳು ಪಠ್ಯಪುಸ್ತಕಗಳಲ್ಲಿ ಸಾಕಷ್ಟು ಬಳಕೆಯಾಗಿರುವುದರಿಂದ ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಕುದುರೆಯನ್ನು ಒಂದು ವರ್ಷ ಮೇಯಿಸಿ ಕ್ರಿಸ್ತಜಯಂತಿಯ ಹೊತ್ತಿಗೆ ಬೀದರಿನಲ್ಲಿ ಮಾರಿದನು. ಕುದುರೆಗಳಿಗೆ ಕಡಲೆಯನ್ನೂ, ಸಕ್ಕರೆ ಬೆಣ್ಣೆ ಬೆರಸಿ ಬೇಯಿಸಿದ ಕಿಚಡಿಯನ್ನೂ ಹಾಕುವರೆಂದು ಆತನು ಬರೆದಿರುವುದು ನೋಡಿ ಕೇಳಿದ ಮಾತಾಗಿರಲಾರದು. ಕೈಯಿಂದ ದುಡ್ಡು ತೆತ್ತವನ ಮಾತು.

ಕುದುರೆ ಮಾರಿದ ಬಳಿಕ ಆತನ ಬಾಳುವೆಯ ದಿಕ್ಕು ಬದಲಾಯಿತು. ಅನೇಕ ಹಿಂದೂಗಳ ಪರಿಚಯವಾಗಿ, ತಾನು ಮುಸಲ್ಮಾನನಲ್ಲ, ಕ್ರೈಸ್ತನು, ನಿಜವಾದ ಹೆಸರು ಅಫನಾಸಿ ಎಂದು ಅವರಿಗೆ ತಿಳಿಸಿದನು. ಅನಂತರ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ಆತನಿಂದ ಮರೆಮಾಡಲಿಲ್ಲ. ಮನೆಯ ಹೆಂಗಸರನ್ನೂ ಒಳಗೆ ಕಳುಹಿಸಲಿಲ್ಲ. ಒಂದೇ ನಗರದಲ್ಲಿ ಒಂದು ಹೆಸರು ಬೀದಿಗೆ, ಇನ್ನೊಂದು ಹೆಸರು ಪಡಸಾಲೆಗೆ. ಎರಡು ಹೊತ್ತಿನ ಊಟ, ಅನ್ನ, ಕಿಚಡಿ, ಹಾಲು ಬೆಣ್ಣೆಗಳಲ್ಲಿ ಬೇಯಿಸಿದ ಸೊಪ್ಪು, ಬಲಗೈಯಿಂದಲೇ ಉಣ್ಣುವ ನಿಯಮ, ಪ್ರಯಾಣದಲ್ಲಿ ಒಬ್ಬೊಬ್ಬನಿಗೆ ಒಂದೊಂದು ಗಡಿಗೆ, ಅನ್ಯನ ದೃಷ್ಟಿ ಗಡಿಗೆಯೊಳಗೆ ಬಿದ್ದರೆ ಆ ಊಟವನ್ನೇ ತ್ಯಜಿಸುವ ಮಡಿ, ಇವೆಲ್ಲ ಆಗ ಆತನಿಗೆ ಗೋಚರವಾದವು. ಆ ಊಟವು ಆತನಿಗೆ ರುಚಿಸಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ಇಲ್ಲಿ ಎಂಬತ್ತನಾಲ್ಕು ಮತಗಳಿವೆಯೆಂದೂ ಅವು ಪರಸ್ಪರ ಉಣ್ಣುವುದಿಲ್ಲ, ಹೆಣ್ಣು ಕೊಟ್ಟು ತರುವುದಿಲ್ಲವೆಂದೂ ಬರೆಯುತ್ತಾನೆ. ಆತನು ಮತವೆಂದುದು ಜಾತಿಯನ್ನು. ಎಂಬತ್ತನಾಲ್ಕೆಂಬುದು ಲೆಕ್ಕವಲ್ಲ, ಎಂಬತ್ತನಾಲ್ಕು ಲಕ್ಷ ಯೋನಿಗಳೆನ್ನುವ ನಮ್ಮ ಜನರ ರೂಢಿಯ ಸಂಖ್ಯೆ. ಯಾರೋ ಬೀದರಿನ ಗೃಹಸ್ಥರು ಹೇಳಿದುದನ್ನು ನಂಬಿ ಬರೆದುಕೊಂಡಿರಬೇಕು. ಇಂತಹ ಸ್ನೇಹಿತರೊಡನೆಯೇ ಶಿವರಾತ್ರಿಗೆ ಶ್ರೀಶೈಲಕ್ಕೂ ಹೋಗಿಬಂದನು.

ಇನ್ನು ಆಳಂದದ ವಿಚಾರ. ಶೇಖ್ ಅಲಾಉದ್ದೀನನೆಂಬ ಪೀರನ ಸ್ಮರಣಾರ್ಥವಾಗಿ ವರ್ಷಕ್ಕೊಮ್ಮೆ ಹತ್ತು ದಿನಗಳ ವ್ಯಾಪಾರ ಕೂಡುತ್ತದೆ, ನಾಡೆಲ್ಲ ಅಲ್ಲಿಗೆ ಬರುತ್ತದೆ, ಇಪ್ಪತ್ತು ಸಾವಿರದಷ್ಟು ಕುದುರೆಗಳು ಮಾರಾಟಕ್ಕೆ ಬರುತ್ತವೆ, ಹಿಂದೂಸ್ತಾನದಲ್ಲಿ ಇದಕ್ಕಿಂತ ಉತ್ತಮವಾದ ಸಂತೆಯಿಲ್ಲ ಎಂದು ಆತನ ವರದಿ. ಬೀದರಿನಿಂದ ಹನ್ನೆರಡು ಕೋವ ದೂರವೆಂದಿದ್ದಾನೆ. ಕೋವವೆಂದರೆ ಆತನ ಲೆಕ್ಕದಲ್ಲಿ ಹತ್ತು ವರ್ಸ್ತ್. ಇದು ಇಂದಿನ ಸುಮಾರು 128 ಕಿಲೋಮೀಟರು. ಬೀದರಿಗೂ ಆಳಂದಕ್ಕೂ ಇರುವ ಅಂತರಕ್ಕೆ ಬಹಳ ದೂರವಾಗುವುದಿಲ್ಲ. ಪೀರನ ಹೆಸರೂ, ಊರಿನ ಹೆಸರೂ, ಅಂತರವೂ ಕೂಡಿಬರುವುದರಿಂದ ಇದು ಲಾಡ್ಲೆ ಮಶಾಯಖರೆಂದು ಖ್ಯಾತರಾದ ಅಲಾಉದ್ದೀನ್ ಅನ್ಸಾರಿಯವರ ದರ್ಗಾದ ಉರುಸೇ ಎಂಬುದರಲ್ಲಿ ಸಂಶಯಪಡಬೇಕಾಗಿಲ್ಲ. ಇಪ್ಪತ್ತು ಸಾವಿರವೆಂಬುದನ್ನು ಎಣಿಸಿದ ಸಂಖ್ಯೆಯೆಂದು ತಿಳಿಯಬಾರದು. ಒಂದೇ ಕುದುರೆಯಿಂದ ಬದುಕಲು ಬಂದವನ ಕಣ್ಣಿಗೆ ಕುದುರೆಗಳ ಆ ಸಾಲು ಹಾಗೆ ಕಂಡಿತು.

ತಿಥಿಯ ವಿಷಯದಲ್ಲಿ ಒಂದು ತೊಡಕಿದೆ. ಒಂದೆಡೆ ಜಾತ್ರೆಯು ಪೊಕ್ರೋವ್ ಎಂಬ ದೇವಮಾತೆಯ ಹಬ್ಬಕ್ಕೆ, ಎಂದರೆ ಹಳೆಯ ಪಂಚಾಂಗದ ಅಕ್ಟೋಬರ್ 1ಕ್ಕೆ ಬರುವುದೆಂದೂ, ಇನ್ನೊಂದೆಡೆ ಪೊಕ್ರೋವ್ ಕಳೆದ ಎರಡು ವಾರಗಳಿಗೆ ಬರುವುದೆಂದೂ ಹೇಳುತ್ತಾನೆ. ಇದನ್ನು ಮರೆವೆಂದು ತಳ್ಳಿಹಾಕಬೇಕಾಗಿಲ್ಲ. ಉರುಸು ಹಿಜರಿಯ ಚಾಂದ್ರಮಾನವನ್ನು ಅನುಸರಿಸುವುದಾದ್ದರಿಂದ, ಸೌರಮಾನದ ಪಂಚಾಂಗದಲ್ಲಿ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಒಂದು ವರ್ಷ ಎರಡು ವಾರ ತಡವಾಗಿ ಬಂದ ಉರುಸು ಮರುವರ್ಷ ಪೊಕ್ರೋವಿನ ಸಮೀಪಕ್ಕೇ ಬರಬೇಕು. ಎರಡು ಹೇಳಿಕೆಗಳು ಎರಡು ಬೇರೆ ವರ್ಷಗಳ ಜ್ಞಾಪಕಗಳೆಂಬುದು ನಮ್ಮ ಊಹೆ. ಈ ಊಹೆಗೆ ಆತನ ಪಂಚಾಂಗವೇ ಅಷ್ಟು ನಂಬಲರ್ಹವಲ್ಲವೆಂಬ ಆಕ್ಷೇಪಣೆಯುಂಟು. ಅದಕ್ಕೆ ಮುಂದೆ ಬರುತ್ತೇವೆ. ಆ ಹೊತ್ತಿಗೆ ವಸಂತವು ಆರಂಭವಾಗುತ್ತದೆಂದು ಆತನು ಬರೆದಿರುವುದು ಸೊಗಸಾಗಿದೆ. ಮಳೆ ಹಿಂಜರಿದು, ಎರೆಹೊಲದ ಕೆಸರು ಆರಿ, ಗಾಡಿಯ ಹಾದಿ ಬಿಟ್ಟುಕೊಂಡು, ಹಿಂಗಾರಿ ಜೋಳದ ಬಿತ್ತಿಗೆ ನಡೆಯುವ ದಿನಗಳು ಅವು. ಮಳೆಗಾಲವನ್ನು ಚಳಿಗಾಲವೆಂದವನಿಗೆ ಇದು ವಸಂತವಾಗದೆ ಇನ್ನೇನಾದೀತು?

ಆಳಂದದಲ್ಲಿ ಗುಕುಕ್ ಎಂಬ ಹಕ್ಕಿಯಿದೆಯಂತೆ. ರಾತ್ರಿ ಹಾರಾಡಿ ಕೂಗುತ್ತದೆ. ಯಾವ ಮನೆಯ ಮೇಲೆ ಕುಳಿತರೆ ಆ ಮನೆಯಲ್ಲಿ ಸಾವು. ಕೊಲ್ಲಹೋದವನ ಮೇಲೆ ಬಾಯಿಂದ ಬೆಂಕಿಯನ್ನುಗುಳುತ್ತದೆ. ಯುರೋಪಿನ ಓದುಗರಿಗೆ ಇದು ಅದ್ಭುತಕಥೆಯಾಗಿ ತೋರಬಹುದು. ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಓದಿ ಹೇಳಿದರೆ ತರಗತಿಯೇ ನಗುತ್ತದೆ, ಏಕೆಂದರೆ ಅದು ಗೂಗೆ. ಬೆಂಕಿಯೊಂದನ್ನುಳಿದು ಮಿಕ್ಕುದೆಲ್ಲ ಅವರು ತಮ್ಮ ಅಜ್ಜಿಯರಿಂದ ಕೇಳಿದುದೇ. ಇಲ್ಲಿಯ ಹೆಂಗಸರೋ ಮುದುಕರೋ ರಾತ್ರಿ ಜಗಲಿಯಲ್ಲಿ ಹೇಳಿದ ಮಾತು ರಷ್ಯನ್ ಭಾಷೆಯ ಹಸ್ತಪ್ರತಿಯನ್ನು ಸೇರಿತು. ಹೊರಗಿನವನು ಕೇವಲ ಅಂಗಡಿಯ ಬೀದಿಯಲ್ಲಿ ನಿಂತಿದ್ದರೆ ಇದು ಆತನ ಕಿವಿಗೆ ಬೀಳುತ್ತಿರಲಿಲ್ಲ.

ಇಷ್ಟಾದರೂ ಆತನ ಮನಸ್ಸು ನೆಮ್ಮದಿಯಲ್ಲಿರಲಿಲ್ಲ. ಪುಸ್ತಕಗಳು ಕಳುವಾದುದರಿಂದ ಈಸ್ಟರ್ ಯಾವಾಗ, ಕ್ರಿಸ್ತಜಯಂತಿ ಯಾವಾಗ, ಬುಧವಾರ ಶುಕ್ರವಾರಗಳ ವ್ರತ ಯಾವಾಗ ಎಂಬುದು ತಿಳಿಯದಾಯಿತು. ಮುಸಲ್ಮಾನರ ಹಬ್ಬವನ್ನು ಗುರುತಿಟ್ಟುಕೊಂಡು ತನ್ನ ಹಬ್ಬವನ್ನು ಊಹಿಸಿದನು. ಅವರು ಉಪವಾಸವಿದ್ದ ತಿಂಗಳಿನಲ್ಲಿ ತಾನೂ ಮಾಂಸವನ್ನೂ ಹೈನವನ್ನೂ ಬಿಟ್ಟು ರೊಟ್ಟಿ ನೀರುಗಳಲ್ಲಿ ಕಳೆದನು. ಆತನ ಬರವಣಿಗೆಯಲ್ಲಿ ರಷ್ಯನ್ ನಡುವೆ ತುರ್ಕಿ, ಪಾರ್ಸಿ ಮಾತುಗಳು ನುಗ್ಗುತ್ತವೆ. ಕೊನೆಯ ಪ್ರಾರ್ಥನೆಯು ಅರಬ್ಬಿಯಲ್ಲಿದೆ. ಇದರಿಂದ ಆತನು ಅಂತ್ಯದಲ್ಲಿ ಮತಾಂತರ ಹೊಂದಿದನೆಂದು ಕೆಲವು ವಿದ್ವಾಂಸರು ಸಂದೇಹಿಸಿದ್ದಾರೆ. ನಾವು ಇದನ್ನು ಒಪ್ಪಲಾರೆವು. ಜುನ್ನರದಲ್ಲಿ ಸಾವಿರ ಹೊನ್ನನ್ನು ಒಲ್ಲೆನೆಂದವನು ಬೀದರಿನಲ್ಲಿ ಏನೂ ದೊರೆಯದೆ ಮತವನ್ನು ಬಿಡಲು ಕಾರಣ ಕಾಣುವುದಿಲ್ಲ. ದಿನವಿಡೀ ಪರಭಾಷೆಯಲ್ಲಿ ಕೊಂಡು ಮಾರಿ, ಮಾತನಾಡಿ ವರ್ಷಗಳನ್ನು ಕಳೆದವನಿಗೆ ದೇವರೊಡನೆಯೂ ಅದೇ ಭಾಷೆಯು ಬಾಯಿಗೆ ಬರುವುದು ಅಸಹಜವಲ್ಲ. ಹಿಂದೂಸ್ತಾನಕ್ಕೆ ಹೋಗುವವರು ತಮ್ಮ ಮತವನ್ನು ರಷ್ಯಾದಲ್ಲಿಯೇ ಇರಿಸಿ ಬರಲಿ ಎಂದು ತನ್ನವರಿಗೆ ಆತನು ಹೇಳಿದ ಎಚ್ಚರಿಕೆಯಲ್ಲಿ, ಮತವನ್ನು ಬಿಟ್ಟವನ ದನಿಯಿಲ್ಲ. ಅದನ್ನು ಹೊತ್ತು ಬಳಲಿದವನ ದನಿಯಿದೆ.

ಐದನೆಯ ಈಸ್ಟರನ್ನು ಕಲಬುರಗಿಯಲ್ಲಿ ಕಳೆದು ಊರಿಗೆ ಮರಳುವ ಸಂಕಲ್ಪ ಮಾಡಿದನು. ಕಲಬುರಗಿಯಿಂದ ಪುನಃ ಆಳಂದಕ್ಕೆ ಬಂದು, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ, ಗವಾನನು ಹಿಂದೊಮ್ಮೆ ಇಳಿದಿದ್ದ ಅದೇ ದಾಭೋಳಕ್ಕೆ ಹೋದನು. ಹೋರ್ಮುಜಿನವರೆಗಿನ ಹಡಗಿಗೆ ಎರಡು ಹೊನ್ನು ಕೊಟ್ಟನು. ಗಾಳಿಯು ಹಡಗನ್ನು ಆಫ್ರಿಕಾದ ತೀರಕ್ಕೆ ಒಯ್ದಿತು. ಅಲ್ಲಿಂದ ತಪ್ಪಿಸಿಕೊಂಡು, ಹೋರ್ಮುಜ್, ತಬ್ರೀಜ್, ಟ್ರೆಬಿಜೊಂಡ್‌ಗಳನ್ನು ದಾಟಿ, ಕಪ್ಪುಸಮುದ್ರವನ್ನು ಹಾಯ್ದು ಕಾಫಾ ಬಂದರನ್ನು ಮುಟ್ಟಿದನು. ಸ್ಮೊಲೆನ್ಸ್ಕ್ ನಗರವನ್ನು ಸೇರುವ ಮುನ್ನವೇ ತೀರಿಕೊಂಡನು. ಆತನ ಕೈಬರಹದ ಹಾಳೆಗಳನ್ನು ವರ್ತಕರು ಮಾಸ್ಕೋಗೆ ತಂದು 1475ರಲ್ಲಿ ರಾಜಕಾರ್ಯದ ಲೇಖಕನಾದ ವಾಸಿಲಿ ಮಮೀರೆವನಿಗೆ ಒಪ್ಪಿಸಿದರು.